ಒಂದೇ ಹೆಸರು, ಒಂದೇ ತಾರೀಖು: ಪಾಸ್‌ಪೋರ್ಟ್ ಅರ್ಜಿಗೆ ಗುರುತು ಹೊಂದಿಸುವುದು

ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವವರು ನಾಲ್ಕು ಸಂಗತಿಗಳನ್ನು ಕಾಗದದಲ್ಲಿ ತೋರಿಸಬೇಕು: ತಾವು ಯಾರು, ಹುಟ್ಟಿದ್ದು ಯಾವಾಗ ಮತ್ತು ಎಲ್ಲಿ, ಈಗಿನ ವಾಸ ಎಲ್ಲಿ, ಭಾರತದ ಪ್ರಜೆಯೇ ಹೌದೇ. ಈ ನಾಲ್ಕಕ್ಕೂ ಬೇಕಾದ ದಾಖಲೆ ಈಗ ಬಹುಪಾಲು ಮನೆಗಳ ಬೀರುವಿನಲ್ಲಿ ಇದ್ದೇ ಇರುತ್ತದೆ. ಆದರೂ ಅರ್ಜಿಗಳು ನಿಲ್ಲುತ್ತವೆ. ಕಾಗದ ಇಲ್ಲ ಎಂದು ನಿಲ್ಲುವ ಅರ್ಜಿಗಿಂತ, ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಒಪ್ಪುತ್ತಿಲ್ಲ ಎಂದು ನಿಲ್ಲುವ ಅರ್ಜಿಯ ಕಥೆಯೇ ಹೆಚ್ಚು ತೊಡಕಿನದು. ಮಂಡ್ಯ ನಗರದೊಳಗೆ ಸೇರಿಕೊಂಡಿರುವ ಗುತ್ತಲಿನಂಥ ಕಡೆ ಇದು ಎದ್ದು ಕಾಣುತ್ತದೆ. ಅಜ್ಜನ ಹೆಸರಿನ ಪಹಣಿ, ಅಪ್ಪನ ವೋಟರ್ ಐಡಿ, ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮೊಮ್ಮಗಳ ಜನನ ಪ್ರಮಾಣಪತ್ರ ಎಲ್ಲವೂ ಒಂದೇ ಟ್ರಂಕಿನಲ್ಲಿ ಇರುತ್ತವೆ. ಒಂದೊಂದನ್ನು ಬರೆದ ಕೈ ಒಂದೊಂದು, ಕಾಲ ಒಂದೊಂದು.

ವಿದೇಶಕ್ಕೆ ಹೋಗುವುದು ಸರ್ಕಾರ ಕೊಡುವ ದಯೆ ಎಂದೇ ಬಹುಕಾಲ ನಡೆದಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿನ ಆಧಾರವಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದಿತು. ಅದೇ ವರ್ಷದ ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಈ ಹಕ್ಕನ್ನು ಮತ್ತಷ್ಟು ಗಟ್ಟಿ ಮಾಡಿತು. ಅಂದರೆ ಕೌಂಟರಿನ ಮುಂದೆ ನಿಂತವರು ಕೇಳುತ್ತಿರುವುದು ತಮಗೆ ಸಲ್ಲಬೇಕಾದದ್ದನ್ನೇ. ಆದರೆ ಅದು ಸಲ್ಲಬೇಕಾದದ್ದು ಇವರಿಗೇ ಎಂಬುದನ್ನು ತೋರಿಸುವ ಹೊಣೆ ಅರ್ಜಿದಾರರದು. 1980ರ ಪಾಸ್‌ಪೋರ್ಟ್ ನಿಯಮಗಳು ಮತ್ತು ಆಮೇಲಿನ ತಿದ್ದುಪಡಿಗಳು ಹೇಳುವುದೆಲ್ಲ, ಅದನ್ನು ಯಾವ ಕಾಗದದಿಂದ ತೋರಿಸಬೇಕು ಎಂಬುದನ್ನೇ.

ಮೊದಲ ತೊಡಕು ಹೆಸರಿನದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿಗೆ ಎರಡು ಮನೆಗಳಿವೆ: ಒಂದು ‘ಗಿವನ್ ನೇಮ್’, ಇನ್ನೊಂದು ‘ಸರ್‌ನೇಮ್’. ಹೆಸರು, ಅದರ ಹಿಂದೆ ಮನೆತನ ಎಂಬ ರೂಢಿ ಇರುವ ಜನರ ಅಳತೆಗೆ ಹೊಲಿದ ಅಂಗಿ ಇದು. ಮಂಡ್ಯ ಸೀಮೆಯ ಹೆಸರಿಗೆ ಇದು ಸುಲಭಕ್ಕೆ ಹೊಂದುವುದಿಲ್ಲ. ಇಲ್ಲಿ ಮುಂದೆ ಬರುವುದು ಊರಿನ ಅಕ್ಷರ ಮತ್ತು ಅಪ್ಪನ ಅಕ್ಷರ, ಕೊನೆಗೆ ಬರುವುದು ಆ ಮನುಷ್ಯನ ಸ್ವಂತ ಹೆಸರು. ಗುತ್ತಲಿನ ಮರೀಗೌಡರಿಗೆ ಶಿವಲಿಂಗೇಗೌಡ ಎಂಬ ಮಗ ಇದ್ದಾನೆ ಎಂದಿಟ್ಟುಕೊಂಡರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಅವನು ‘ಜಿ.ಎಂ. ಶಿವಲಿಂಗೇಗೌಡ’. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದಕ್ಕೆ ಹೋಗಿ ‘ಶಿವಲಿಂಗೇಗೌಡ ಜಿ.ಎಂ.’ ಆಗುತ್ತಾನೆ. ಆಧಾರ್‌ನಲ್ಲಿ ಟೈಪು ಮಾಡಿದವರು ನಡುವೆ ಜಾಗ ಬಿಟ್ಟರೆ ‘ಶಿವಲಿಂಗೇ’ ಒಂದು ಕಡೆ, ‘ಗೌಡ’ ಇನ್ನೊಂದು ಕಡೆ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲವಾದ್ದರಿಂದ ಅಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಕೂಡಿಕೊಂಡಿರುತ್ತದೆ. ಬೀದಿಯಲ್ಲಂತೂ ಅವನು ಶಿವಣ್ಣ. ಊರಿನವರಿಗೆ ಇವರೆಲ್ಲ ಒಬ್ಬನೇ ಎಂಬುದರಲ್ಲಿ ಅನುಮಾನವೇ ಇಲ್ಲ. ಕಂಪ್ಯೂಟರಿಗೆ ಮಾತ್ರ ಇವರು ನಾಲ್ಕು ಜನ.

ಹಳೆಯ ದಾಖಲೆಗಳಲ್ಲಿ ಇದಕ್ಕೆ ಬೇರೆಯದೇ ಕ್ರಮವಿತ್ತು. ಮೈಸೂರು ಸೀಮೆಯ ಕಂದಾಯ ಕಾಗದಗಳಲ್ಲಿ ಇಂಥವರು ‘ಬಿನ್’ ಇಂಥವರು ಎಂದರೆ ಮಗ. ‘ಕೋಂ’ ಎಂದರೆ ಹೆಂಡತಿ. ‘ಉರುಫ್’ ಎಂದರೆ ಕರೆಯುವ ಇನ್ನೊಂದು ಹೆಸರು. ಒಬ್ಬ ವ್ಯಕ್ತಿಯನ್ನು ಸಂಬಂಧದ ಮೂಲಕ ಗುರುತಿಸುವ ಈ ಪದ್ಧತಿ ತನ್ನ ಮಟ್ಟಿಗೆ ಬಹಳ ಖಚಿತವಾದದ್ದು. ಒಂದೇ ಊರಿನ ನಾಲ್ಕು ಮಂದಿ ಸಿದ್ದೇಗೌಡರನ್ನು ಬೇರೆ ಮಾಡಲು ಅಪ್ಪನ ಹೆಸರಿಗಿಂತ ಒಳ್ಳೆಯ ದಾರಿ ಇಲ್ಲ. ಪಾಸ್‌ಪೋರ್ಟ್ ಅರ್ಜಿಯೂ ತಂದೆ ತಾಯಿಯ ಹೆಸರನ್ನು ಬೇರೆ ಮನೆಗಳಲ್ಲಿ ಕೇಳುತ್ತದೆ. ಬೇರೆ ಹೆಸರಿನಿಂದ ಕರೆಯುವುದುಂಟೇ, ಯಾವಾಗಲಾದರೂ ಹೆಸರು ಬದಲಾಗಿದೆಯೇ ಎಂದೂ ಕೇಳುತ್ತದೆ. ‘ಉರುಫ್’ ಸೇರಬೇಕಾದ ಜಾಗ ಅದೇ. ಪಹಣಿಯಲ್ಲೋ ಬ್ಯಾಂಕಿನಲ್ಲೋ ಎರಡನೆಯ ಹೆಸರು ದಾಖಲಾಗಿದ್ದರೆ ಅದನ್ನು ಅಲ್ಲಿ ಬರೆಯುವುದೇ ಸರಿ. ಮುಚ್ಚಿಟ್ಟ ಹೆಸರು ಮುಂದೆ ವಿಚಾರಣೆಯಲ್ಲಿ ಎದ್ದು ಬಂದರೆ, ಇಲ್ಲದ ಅನುಮಾನಕ್ಕೆ ದಾರಿಯಾಗುತ್ತದೆ.

ಕನ್ನಡದಲ್ಲಿ ಒಂದೇ ಆಗಿರುವ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಹಲವಾಗುವುದು ಇನ್ನೊಂದು ಪಾಡು. ಲಕ್ಷ್ಮಮ್ಮನ ‘ಕ್ಷ’ ಒಂದು ಕಾರ್ಡಿನಲ್ಲಿ ‘ಕೆ-ಎಸ್-ಎಚ್’, ಮತ್ತೊಂದರಲ್ಲಿ ‘ಎಕ್ಸ್’. ಸವಿತಾಳ ‘ತ’ ಒಮ್ಮೆ ಬರಿಯ ‘ಟಿ’, ಇನ್ನೊಮ್ಮೆ ‘ಟಿ-ಎಚ್’. ಶಿವಣ್ಣನ ‘ಶ’ಕ್ಕೆ ಕೆಲವರು ‘ಎಚ್’ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ‘ಗೌಡ’ ಎಂಬುದು ಹಳೇ ಮೈಸೂರಿನಲ್ಲಿ ಹೆಚ್ಚಾಗಿ ‘ಡಬ್ಲ್ಯು’ ಹಾಕಿ, ಉತ್ತರ ಕರ್ನಾಟಕದಲ್ಲಿ ‘ಯು’ ಹಾಕಿ ಬರೆಯುವ ಪದ. ಗುತ್ತಲು ಎಂಬ ಊರ ಹೆಸರಿಗೇ ಎರಡು ‘ಟಿ’ ಸಾಕೋ, ‘ಎಚ್’ ಬೇಕೋ ಎಂದು ಬರೆಯುವವರು ಅವರವರೇ ತೀರ್ಮಾನ ಮಾಡಿಕೊಳ್ಳಬೇಕು. ಓದುವಾಗ ಇವುಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ, ಅಕ್ಷರ ಎಣಿಸಿ ನೋಡುವ ಯಂತ್ರಕ್ಕೆ ಮಾತ್ರ ಕಾಣುತ್ತದೆ. ಆದ್ದರಿಂದ ಅರ್ಜಿ ತುಂಬುವ ಮೊದಲು ಇರುವ ದಾಖಲೆಗಳನ್ನೆಲ್ಲ ಒಂದು ಮಂಚದ ಮೇಲೆ ಸಾಲಾಗಿ ಹರಡಿ, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಮುಂದಿನ ಎಷ್ಟೋ ಓಡಾಟವನ್ನು ಉಳಿಸುತ್ತದೆ.

ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗೆ ಜಾಗವಿಲ್ಲ, ಅದನ್ನು ಬಿಡಿಸಿ ಬರೆಯಬೇಕು. ‘ಜಿ.ಎಂ.’ ಎಂಬುದು ‘ಗುತ್ತಲು ಮರೀಗೌಡ’ ಆಗಬೇಕು. ಅದನ್ನು ಸರ್‌ನೇಮ್ ಮನೆಯಲ್ಲಿ ಹಾಕುವವರು ಇದ್ದಾರೆ, ಆ ಮನೆಯನ್ನು ಖಾಲಿ ಬಿಡುವವರೂ ಇದ್ದಾರೆ. ಖಾಲಿ ಬಿಡಲು ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಅದರ ಕಷ್ಟ ವಿಮಾನ ನಿಲ್ದಾಣದಲ್ಲಿ ಗೊತ್ತಾಗುತ್ತದೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನ, ಒಂದೇ ಹೆಸರಿರುವ ಪಾಸ್‌ಪೋರ್ಟ್‌ ಹಿಡಿದು ಪ್ರವಾಸಿ ವೀಸಾದಲ್ಲಿ ಬರುವವರನ್ನು ಬಿಟ್ಟುಕೊಳ್ಳುವುದಿಲ್ಲ ಎಂದಿತು. ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಆಗಬಹುದು ಎಂದು ಆಮೇಲೆ ಸಡಿಲಿಸಿತು. ಅಮೆರಿಕದ ವೀಸಾದಲ್ಲಿ ಇಂಥವರ ಇದ್ದೊಂದು ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಕೊಂಡವರಿಗೆ ಈ ಕಾಟವಿಲ್ಲ. ಅವರನ್ನು ಹೊರದೇಶದ ಕಚೇರಿ ‘ಮಿಸ್ಟರ್ ಮರೀಗೌಡ’ ಎಂದು ಅಪ್ಪನ ಹೆಸರಿಂದ ಕೂಗುತ್ತದೆ, ಅಲ್ಲಿ ಹುಟ್ಟಿದ ಮಕ್ಕಳಿಗೆ ತಾತನ ಹೆಸರು ಮನೆತನದ ಹೆಸರಾಗಿ ಉಳಿಯುತ್ತದೆ. ಕಳೆದುಕೊಂಡದ್ದಕ್ಕಿಂತ ಪಡೆದದ್ದೇ ಹೆಚ್ಚು ಎನ್ನಬೇಕು. ಎರಡು ಮನೆಯನ್ನೂ ತುಂಬುವುದೇ ಮೇಲು.

ಇದನ್ನು ತೀರ್ಮಾನಿಸಿದ ಮೇಲೆ ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಬೇಕು. ಇಲ್ಲಿ ಕ್ರಮ ಮುಖ್ಯ. ಓದಿದವರಿಗೆ ಬೇರಿನ ದಾಖಲೆ ಎಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲವೇ ಜನನ ಪ್ರಮಾಣಪತ್ರ. ಮೊದಲು ಅದು ಸರಿ ಇದೆಯೇ ನೋಡಿ, ಆಮೇಲೆ ಅದರಂತೆ ಆಧಾರ್, ಪ್ಯಾನ್, ವೋಟರ್ ಐಡಿಗಳನ್ನು ತಿದ್ದಿಸಬೇಕು. ಬಹಳ ಮಂದಿ ಇದನ್ನು ತಲೆಕೆಳಗು ಮಾಡುತ್ತಾರೆ, ಏಕೆಂದರೆ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ತಿದ್ದಲು ಸಾಮಾನ್ಯ ಅವಕಾಶ ಇರುವುದು. ಆ ಅವಕಾಶವನ್ನು ತಪ್ಪು ದಾಖಲೆಗೆ ಹೊಂದಿಸಲು ಖರ್ಚು ಮಾಡಿಕೊಂಡರೆ, ನಾಳೆ ಸರಿಯಾದದ್ದು ಕೈಗೆ ಬಂದಾಗ ತಿದ್ದಿಸಲು ದಾರಿ ಕಿರಿದಾಗಿರುತ್ತದೆ. ಹೆಸರನ್ನೇ ಬದಲಿಸಿಕೊಂಡವರು ಅಫಿಡವಿಟ್‌ನ ಜೊತೆಗೆ ಎರಡು ದಿನಪತ್ರಿಕೆಗಳಲ್ಲಿ ಪ್ರಕಟಣೆ ಕೊಡುವುದು ಬಹುಕಾಲದ ಪದ್ಧತಿ. ದಿನಪತ್ರಿಕೆಯ ಕೊನೆಯ ಪುಟಗಳಲ್ಲಿ ‘ಇನ್ನು ಮುಂದೆ ನನ್ನನ್ನು ಈ ಹೆಸರಿನಿಂದ ಕರೆಯತಕ್ಕದ್ದು’ ಎಂಬ ಧಾಟಿಯ ಸಣ್ಣ ಚೌಕಗಳು ಕಾಣುವುದು ಇದಕ್ಕೇ.

ಮದುವೆಯಾದ ಹೆಣ್ಣುಮಕ್ಕಳ ಕಾಗದಗಳಲ್ಲಿ ಈ ಹೊಂದಾಣಿಕೆ ಇನ್ನೂ ಕಷ್ಟ. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು, ಊರಿನ ಅಕ್ಷರವೂ ಬದಲು. ಮದುವೆಯಾದ ಮಾತ್ರಕ್ಕೆ ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಿಕೊಳ್ಳಲೇಬೇಕು ಎಂಬ ನಿಯಮವಿಲ್ಲ. ತವರಿನ ಹೆಸರಿನಲ್ಲೇ ಪಾಸ್‌ಪೋರ್ಟ್ ಪಡೆಯಬಹುದು, ಬದುಕಿನುದ್ದಕ್ಕೂ ಹಾಗೆಯೇ ಇರಿಸಿಕೊಳ್ಳಬಹುದು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ಪ್ರಕಟಿಸಿದ ಸಡಿಲಿಕೆಗಳಲ್ಲಿ ಮದುವೆ ಪ್ರಮಾಣಪತ್ರದ ಕಡ್ಡಾಯ ಹೋಯಿತು. ವಿಚ್ಛೇದನ ಪಡೆದವರು ಸಂಗಾತಿಯ ಹೆಸರು ಬರೆಯಬೇಕಿಲ್ಲ ಎಂದಾಯಿತು. ತಂದೆ ತಾಯಿ ಇಬ್ಬರಲ್ಲಿ ಒಬ್ಬರ ಹೆಸರು ಅಥವಾ ಪೋಷಕರ ಹೆಸರು ಕೊಟ್ಟರೂ ಸಾಕು ಎಂದಾಯಿತು. ಸಾಧು ಸನ್ಯಾಸಿಗಳು ಹೆತ್ತವರ ಬದಲು ಗುರುವಿನ ಹೆಸರು ಬರೆಯಬಹುದು. ನೋಟರಿಯ ಮುಂದೆ ಹಾಕುತ್ತಿದ್ದ ಹಲವು ಅಫಿಡವಿಟ್‌ಗಳ ಜಾಗಕ್ಕೆ ಬಿಳಿ ಹಾಳೆಯ ಮೇಲಿನ ಸ್ವಂತ ಘೋಷಣೆ ಬಂತು. ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರನ್ನು ಕಾಡುತ್ತಿದ್ದ ‘ತಂದೆಯ ಸಹಿ ಎಲ್ಲಿ’ ಎಂಬ ಪ್ರಶ್ನೆಗೆ ಈ ಬದಲಾವಣೆಯಿಂದ ಒಂದು ನ್ಯಾಯವಾದ ಉತ್ತರ ಸಿಕ್ಕಿತು.

ಎರಡನೆಯ ತೊಡಕು ಹುಟ್ಟಿದ ದಿನಾಂಕದ್ದು. ಮಂಡ್ಯ ಜಿಲ್ಲೆಯ ಹಿರಿಯರಲ್ಲಿ ಜೂನ್ ತಿಂಗಳಲ್ಲಿ ಹುಟ್ಟಿದವರು ಎಷ್ಟು ಜನ ಎಂದು ಕಾಗದ ನೋಡಿದರೆ ಆಶ್ಚರ್ಯವಾಗುತ್ತದೆ. ಶಾಲೆ ತೆರೆಯುತ್ತಿದ್ದದ್ದು ಆಗ. ಕೈ ತಲೆಯ ಮೇಲಿಂದ ಹಾದು ಕಿವಿ ಮುಟ್ಟಿದರೆ ಹುಡುಗನಿಗೆ ಆರು ತುಂಬಿತು ಎಂದು ಲೆಕ್ಕ ಹಾಕಿ ಮೇಷ್ಟರು ಒಂದು ತಾರೀಖು ಬರೆದುಕೊಳ್ಳುತ್ತಿದ್ದರು. ಮನೆಯವರಿಗೆ ಗೊತ್ತಿದ್ದದ್ದು ‘ರಾಗಿ ಕುಯ್ಲಿನ ಹೊತ್ತು’ ಅಥವಾ ‘ಹಬ್ಬದ ಹಿಂದಿನ ದಿನ’ ಎಂಬಷ್ಟೇ. ಆ ಮೇಷ್ಟರು ಬರೆದ ತಾರೀಖೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಗೆ, ಪಿಂಚಣಿಗೆ ಸಾಗಿ ಬಂದಿದೆ. ಪಾಸ್‌ಪೋರ್ಟ್ ಕಚೇರಿ ಅದನ್ನೇ ನಿಜವೆಂದು ಒಪ್ಪುತ್ತದೆ. ನಿಜವಾದ ದಿನ ಬೇರೆ ಎಂದು ಈಗ ಹೊಸದಾಗಿ ಸಾಧಿಸಲು ಹೊರಡುವುದಕ್ಕಿಂತ, ಎಲ್ಲ ಕಡೆಯೂ ಅದೇ ತಾರೀಖನ್ನು ಇಟ್ಟುಕೊಳ್ಳುವುದು ಜಾಣತನ.

ಈ ವಿಷಯದಲ್ಲಿ ನಿಯಮ ಮೂರು ಹಂತ ದಾಟಿದೆ. 1989ರ ಜನವರಿ 26 ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಒಂದೇ ಆಧಾರ ಎಂಬ ಕಟ್ಟುನಿಟ್ಟು ಬಹಳ ಕಾಲ ಇತ್ತು. 2016ರ ಡಿಸೆಂಬರ್‌ನ ಸಡಿಲಿಕೆ ಅದನ್ನು ತೆಗೆದು, ಶಾಲೆಯ ಟಿ.ಸಿ., ಅಂಕಪಟ್ಟಿ, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಎಲ್‌ಐಸಿ ಪಾಲಿಸಿ, ಸರ್ಕಾರಿ ನೌಕರರ ಸೇವಾ ದಾಖಲೆ ಮೊದಲಾದವುಗಳಲ್ಲಿ ಯಾವುದಾದರೂ ಆಗಬಹುದು ಎಂದಿತು. 2025ರ ಫೆಬ್ರವರಿಯ ತಿದ್ದುಪಡಿ ಮತ್ತೆ ಒಂದು ಗೆರೆ ಎಳೆದಿದೆ: 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರ ಮಾತ್ರ. ಅದಕ್ಕೂ ಮುಂಚೆ ಹುಟ್ಟಿದವರಿಗೆ ಬೇರೆ ದಾಖಲೆಗಳ ಬಾಗಿಲು ತೆರೆದೇ ಇದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಜಾರಿಗೆ ಬಂದದ್ದು ಆ ಅಕ್ಟೋಬರ್ 1ರಂದೇ. ಗೆರೆ ಅಲ್ಲಿಯೇ ಬಿದ್ದದ್ದಕ್ಕೆ ಕಾರಣ ಅದು. ಅನಾಥಾಲಯದಲ್ಲಿ ಬೆಳೆದವರಿಗೆ ಈ ಯಾವ ಕಾಗದವೂ ಇರದಿದ್ದರೆ, ಆ ಸಂಸ್ಥೆಯ ಮುಖ್ಯಸ್ಥರು ತಮ್ಮ ಲೆಟರ್‌ಹೆಡ್‌ನಲ್ಲಿ ಹುಟ್ಟಿದ ದಿನಾಂಕವನ್ನು ದೃಢೀಕರಿಸಿ ಕೊಡಲು ಅವಕಾಶವನ್ನೂ 2016ರ ಬದಲಾವಣೆಯೇ ಮಾಡಿತು.

ಹಾಗಾಗಿ ಈಗ ತೊಟ್ಟಿಲಲ್ಲಿರುವ ಮಗುವಿನ ಪಾಸ್‌ಪೋರ್ಟ್ ಜನನ ನೋಂದಣಿಯಿಂದಲೇ ಶುರುವಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನ ನೋಂದಣಿ ಆಗಬೇಕಾದ್ದು ಮಗು ಹುಟ್ಟಿದ ಊರಿನಲ್ಲಿ, ತಂದೆ ತಾಯಿ ವಾಸವಿರುವ ಊರಿನಲ್ಲಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ರೂಢಿ ಇರುವ ಕಡೆ ಈ ಮಾತಿಗೆ ಬಹಳ ಬೆಲೆ. ಗುತ್ತಲಿನ ಸೊಸೆ ಮಳವಳ್ಳಿಯ ಕಡೆಯವಳಾದರೆ ಮೊದಲ ಮಗು ಹುಟ್ಟುವುದು ಮಳವಳ್ಳಿಯ ಆಸ್ಪತ್ರೆಯಲ್ಲಿ, ಪ್ರಮಾಣಪತ್ರ ಸಿಗುವುದೂ ಅಲ್ಲೇ. ಎರಡನೆಯದು ಮಂಡ್ಯದಲ್ಲಿ ಹುಟ್ಟಿದರೆ ಅದರ ದಾಖಲೆ ಮಂಡ್ಯದಲ್ಲಿ. ಇಪ್ಪತ್ತು ವರ್ಷದ ಮೇಲೆ ಪ್ರಮಾಣಪತ್ರ ಹುಡುಕುವವರು ಮಂಡ್ಯ ನಗರಸಭೆಯ ಪುಸ್ತಕ ತೆಗೆಸಿ ‘ಇಲ್ಲ’ ಎಂಬ ಉತ್ತರ ಪಡೆದು ಬೇಸರಪಡುವುದಕ್ಕಿಂತ, ಹೆತ್ತಮ್ಮನನ್ನು ಒಂದು ಮಾತು ಕೇಳಿ ಮದ್ದೂರಿಗೋ ಮಳವಳ್ಳಿಗೋ ಹೋಗುವುದು ಸರಿ.

ಹೆರಿಗೆಯಾದ 21 ದಿನಗಳೊಳಗೆ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ದಾಟಿದ ಮೇಲೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಆಗುವುದಿಲ್ಲ. ನೋಂದಣಿಯಾದರೂ ಮಗುವಿನ ಹೆಸರಿನ ಜಾಗ ಖಾಲಿ ಇರುವ ಪ್ರಮಾಣಪತ್ರಗಳು ಮನೆ ಮನೆಯಲ್ಲಿವೆ. ಆಸ್ಪತ್ರೆಯವರು ನೋಂದಣಿಗೆ ಕಳಿಸುವ ಹೊತ್ತಿಗೆ ನಾಮಕರಣವೇ ಆಗಿರುವುದಿಲ್ಲ, ‘ಹೆಣ್ಣು ಮಗು’ ಎಂದಷ್ಟೇ ದಾಖಲಾಗಿ ಹಾಗೆಯೇ ಉಳಿದುಬಿಡುತ್ತದೆ. ಅಂಥ ಕಾಗದ ಯಾರದ್ದೆಂದು ಸಾಬೀತು ಮಾಡಲು ಬರುವುದಿಲ್ಲ. ಕಾಯ್ದೆಯ 14ನೇ ಕಲಂ ಹೆಸರನ್ನು ಆಮೇಲೆ ಸೇರಿಸಲು ಅವಕಾಶ ಕೊಡುತ್ತದೆ: ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಸಣ್ಣ ಶುಲ್ಕದೊಂದಿಗೆ. ತೊಟ್ಟಿಲ ಶಾಸ್ತ್ರ ಮುಗಿದ ವಾರದಲ್ಲೇ ಈ ಕೆಲಸ ಮುಗಿಸುವ ಮನೆಗಳು ಮುಂದೆ ಬಹಳ ನೆಮ್ಮದಿಯಾಗಿರುತ್ತವೆ. ಆಗಲೇ ಇಂಗ್ಲಿಷ್ ಅಕ್ಷರವನ್ನೂ, ತಂದೆ ತಾಯಿಯ ಹೆಸರು ಅವರ ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂಬುದನ್ನೂ ಓದಿ ನೋಡಿಕೊಳ್ಳಬೇಕು.

ಹುಟ್ಟಿದ ಸ್ಥಳದ ಹೆಸರಿನಲ್ಲೂ ಒಂದು ಸುಳಿ ಇದೆ. ಊರು ಇದ್ದಲ್ಲೇ ಇದ್ದು ಜಿಲ್ಲೆಯ ಹೆಸರು ಬದಲಾಗುತ್ತದೆ. ಮದ್ದೂರಿಗೆ ಅಂಟಿಕೊಂಡಿರುವ ಚನ್ನಪಟ್ಟಣದಲ್ಲಿ ತವರಿರುವವರ ಹಳೆಯ ಕಾಗದದಲ್ಲಿ ಬೆಂಗಳೂರು ಜಿಲ್ಲೆ ಎಂದಿರುತ್ತದೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. 1973ಕ್ಕಿಂತ ಹಿಂದಿನ ಕಾಗದದಲ್ಲಿ ರಾಜ್ಯದ ಹೆಸರೇ ಮೈಸೂರು. ಇದು ದೋಷವಲ್ಲ, ಕಾಗದ ತನ್ನ ಕಾಲದ ಮಾತನ್ನು ಹೇಳುತ್ತಿದೆ ಅಷ್ಟೇ. ಅರ್ಜಿಯಲ್ಲಿ ಊರಿನ ಹೆಸರು ದಾಖಲೆಯಲ್ಲಿದ್ದಂತೆಯೇ ಬರೆದು, ಜಿಲ್ಲೆ ಮತ್ತು ರಾಜ್ಯವನ್ನು ಪಟ್ಟಿಯಲ್ಲಿ ಈಗ ಇರುವಂತೆ ಆರಿಸಿಕೊಂಡರೆ ತೀರಿತು.

ವಿಳಾಸದ ದಾಖಲೆ ಹೋಲಿಕೆಯಲ್ಲಿ ಸಲೀಸು. ಆಧಾರ್, ವೋಟರ್ ಐಡಿ, ಚೆಸ್ಕಾಂ ಕರೆಂಟ್ ಬಿಲ್ಲು, ನೀರಿನ ಬಿಲ್ಲು, ಗ್ಯಾಸ್ ಪುಸ್ತಕ, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ನೋಂದಣಿಯಾದ ಬಾಡಿಗೆ ಕರಾರು ಇವುಗಳಲ್ಲಿ ಒಂದು ಸಾಕು. ಕರೆಂಟ್ ಬಿಲ್ಲು ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಬರುತ್ತಿರುವ ಮನೆಗಳಲ್ಲಿ ಅದು ಮೊಮ್ಮಗನ ಅರ್ಜಿಗೆ ಕೆಲಸಕ್ಕೆ ಬಾರದು. ಇಲ್ಲಿ ಮುಖ್ಯ ಪ್ರಶ್ನೆ ಕೊಡಬೇಕಾದ ವಿಳಾಸ ಯಾವುದು ಎಂಬುದು. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡುವ ಹುಡುಗ ಗುತ್ತಲಿನ ಮನೆಯ ವಿಳಾಸವನ್ನೇ ‘ಈಗಿನ ವಾಸ’ ಎಂದು ಬರೆದರೆ, ಪೊಲೀಸರು ಬಂದಾಗ ಅವನು ಅಲ್ಲಿರುವುದಿಲ್ಲ. ಅರ್ಜಿ ಕೇಳುವುದು ನಿಜವಾಗಿ ವಾಸವಿರುವ ಜಾಗವನ್ನು. ಅಲ್ಲಿಗೆ ಬಂದು ವರ್ಷ ತುಂಬಿರದಿದ್ದರೆ ಹಿಂದಿನ ವಿಳಾಸವನ್ನೂ ಕೊಡಬೇಕು. 2018ರ ಜೂನ್‌ನಿಂದ ದೇಶದ ಯಾವ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಯಲ್ಲಾದರೂ ಅರ್ಜಿ ಹಾಕಬಹುದು. ಪೊಲೀಸ್ ವಿಚಾರಣೆ ಮಾತ್ರ ಅರ್ಜಿಯಲ್ಲಿ ಬರೆದ ವಿಳಾಸದಲ್ಲಿ ನಡೆಯುತ್ತದೆ.

ಪೌರತ್ವದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಆಧಾರ್ ಇದ್ದರೆ ಭಾರತೀಯ ಎಂದು ಸಾಬೀತಾಯಿತು ಎನ್ನುವವರಿದ್ದಾರೆ. ಆಧಾರ್ ಕಾಯ್ದೆಯ 9ನೇ ಕಲಮೇ ಅದನ್ನು ಅಲ್ಲಗಳೆಯುತ್ತದೆ. ಅದು ಗುರುತಿಗೆ ಪುರಾವೆ, ಪೌರತ್ವಕ್ಕಾಗಲಿ ಹುಟ್ಟಿದ ದಿನಾಂಕಕ್ಕಾಗಲಿ ಪುರಾವೆ ಅಲ್ಲ ಎಂದು ಈಗ ಅದರ ಮೇಲೆಯೇ ಅಚ್ಚಾಗುತ್ತಿದೆ. ಪೌರತ್ವವನ್ನು ತೀರ್ಮಾನಿಸುವುದು 1955ರ ಪೌರತ್ವ ಕಾಯ್ದೆ. 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದೇ ಸಾಕು. ಆಮೇಲೆ ಹುಟ್ಟಿದವರಲ್ಲಿ ತಂದೆ ತಾಯಿಯರ ಪೌರತ್ವವೂ ಲೆಕ್ಕಕ್ಕೆ ಬರುತ್ತದೆ, 2004ರ ಡಿಸೆಂಬರ್ 3ರಿಂದ ಈಚೆಗೆ ಅದು ಇನ್ನೂ ಬಿಗಿಯಾಗಿದೆ. ಅರ್ಜಿಯಲ್ಲಿ ತಂದೆ ತಾಯಿಯ ಹೆಸರನ್ನು ಕೇಳುವುದರ ಹಿಂದೆ ಇದೂ ಇದೆ.

ದಾಖಲೆ ಹೊಂದಿತು ಎಂದಾದ ಮೇಲೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಅಪಾಯಿಂಟ್‌ಮೆಂಟ್ ಪಡೆಯಬೇಕು. ದೊಡ್ಡವರ 36 ಪುಟದ ಸಾಮಾನ್ಯ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2,000 ರೂಪಾಯಿ. ಕರ್ನಾಟಕಕ್ಕೆಲ್ಲ ಬೆಂಗಳೂರಿನ ಕೋರಮಂಗಲದಲ್ಲಿರುವ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯೇ ಹಿರಿಯ ಕಚೇರಿ. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳನ್ನು ಪ್ರಯೋಗಕ್ಕೆಂದು ತೆರೆದಾಗ ಮೊದಲ ಸರದಿಯಲ್ಲಿ ಕರ್ನಾಟಕವೂ ಇತ್ತು. ಅಲ್ಲಿಯವರೆಗೂ, ಆಮೇಲೂ ಕೆಲವು ವರ್ಷ, ಮಂಡ್ಯದವರು ಇದಕ್ಕಾಗಿ ನೂರು ಕಿಲೋಮೀಟರಿನ ಬೆಂಗಳೂರು ರಸ್ತೆ ಹಿಡಿಯಬೇಕಿತ್ತು. 2017ರ ಜನವರಿ 25ರಂದು ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಸೇವಾ ಕೇಂದ್ರ ಎಂಬ ಹೊಸ ಯೋಜನೆ ಶುರುವಾದಾಗ, ದೇಶದಲ್ಲೇ ಮೊದಲು ತೆರೆದ ಎರಡು ಕೇಂದ್ರಗಳಲ್ಲಿ ಒಂದು ಗುಜರಾತಿನ ದಾಹೋದ್‌ನದು, ಇನ್ನೊಂದು ಮೈಸೂರಿನದು. ಮಂಡ್ಯದ ಜನಕ್ಕೆ ದೂರ ಅರ್ಧಕ್ಕಿಂತ ಕಡಿಮೆಯಾಯಿತು.

ಸೇವಾ ಕೇಂದ್ರದಲ್ಲಿ ಅರ್ಜಿದಾರರು ಮೂರು ಕೌಂಟರ್ ದಾಟುತ್ತಾರೆ. ‘ಎ’ ಕೌಂಟರಿನಲ್ಲಿ ಕಾಗದ ಸ್ಕ್ಯಾನ್ ಆಗುತ್ತದೆ, ಫೋಟೋ ಮತ್ತು ಹತ್ತೂ ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ‘ಬಿ’ಯಲ್ಲಿ ಪಾಸ್‌ಪೋರ್ಟ್ ಕಚೇರಿಯ ಅಧಿಕಾರಿ ಒರಿಜಿನಲ್ ದಾಖಲೆಯನ್ನು ಅರ್ಜಿಯೊಂದಿಗೆ ಹೋಲಿಸುತ್ತಾರೆ. ‘ಸಿ’ಯಲ್ಲಿರುವವರು ಕೊಡಬಹುದೋ ಬಾರದೋ ಎಂದು ನಿರ್ಧರಿಸುವವರು. ಗುರುತು ಸಾಬೀತಾಗುವ ಜಾಗ ‘ಬಿ’ ಕೌಂಟರು. ಬಾಯಲ್ಲಿ ವಿವರಿಸಿದ್ದಕ್ಕೆ ಅಲ್ಲಿ ತೂಕ ಕಡಿಮೆ. ಕಾಗದ ಒಂದಕ್ಕೊಂದು ಹೊಂದಿದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ಬೇರೆ ದಿನ ಇನ್ನೊಂದು ದಾಖಲೆ ತರಬೇಕೆಂದು ಬರೆದು ಕಳಿಸುತ್ತಾರೆ. ಜೆರಾಕ್ಸ್ ಜೊತೆಗೆ ಒರಿಜಿನಲ್ ಇರಲೇಬೇಕು. ಡಿಜಿಲಾಕರ್‌ನಲ್ಲಿರುವ ದಾಖಲೆಯನ್ನು ಅರ್ಜಿಗೆ ಜೋಡಿಸುವ ಅನುಕೂಲವೂ ಬಂದಿದೆ. ಹತ್ತನೇ ತರಗತಿ ಪಾಸಾದವರು ಅಂಕಪಟ್ಟಿಯನ್ನು ಮರೆಯದೆ ಒಯ್ಯಬೇಕು. ಅದು ಹುಟ್ಟಿದ ದಿನಾಂಕಕ್ಕೂ ಆಗುತ್ತದೆ, ಸೌದಿ, ಕುವೈತ್, ಕತಾರ್‌ನಂಥ ದೇಶಗಳಿಗೆ ದುಡಿಯಲು ಹೋಗುವವರಿಗೆ 1983ರ ವಲಸೆ ಕಾಯ್ದೆಯ ಪ್ರಕಾರ ಬೇಕಾಗುವ ಪ್ರತ್ಯೇಕ ಅನುಮತಿಯಿಂದ ವಿನಾಯಿತಿಯನ್ನೂ ಕೊಡಿಸುತ್ತದೆ.

ಮಕ್ಕಳಿಗೆ ತಂದೆ ತಾಯಿಯೇ ಗುರುತು. ಇಬ್ಬರೂ ಸಹಿ ಮಾಡಿದ ‘ಡಿ’ ಅನುಬಂಧ, ಒಬ್ಬರ ಒಪ್ಪಿಗೆ ಸಿಗದಿದ್ದರೆ ಇನ್ನೊಬ್ಬರು ಕಾರಣ ಹೇಳಿ ಕೊಡುವ ‘ಸಿ’ ಅನುಬಂಧ ಸಾಕು. ಅವರ ಪಾಸ್‌ಪೋರ್ಟ್ ಐದು ವರ್ಷಕ್ಕೆ ಅಥವಾ ಹದಿನೆಂಟು ತುಂಬುವವರೆಗೆ.

ಕಾಗದ ಒಪ್ಪಿದ ಮೇಲೆ ಮನುಷ್ಯನನ್ನು ಕಂಡು ಒಪ್ಪುವುದು ಪೊಲೀಸ್ ಠಾಣೆಯ ಕೆಲಸ. ಠಾಣೆಯಿಂದ ಫೋನ್ ಬರುತ್ತದೆ ಅಥವಾ ಸಿಬ್ಬಂದಿ ಮನೆಗೆ ಬರುತ್ತಾರೆ. ಅಕ್ಕಪಕ್ಕದವರನ್ನು ವಿಚಾರಿಸುವುದೂ ಉಂಟು. ಅವರು ಮುಖ್ಯವಾಗಿ ನೋಡುವುದು ಎರಡನ್ನು: ಇವರು ಭಾರತದ ಪ್ರಜೆ ಹೌದೋ, ಇವರ ಮೇಲೆ ಅಪರಾಧ ಪ್ರಕರಣ ಇದೆಯೋ. ಹೆಸರಿನ ಗೊಂದಲ ಇಲ್ಲಿ ಮತ್ತೆ ಎದುರಾಗುತ್ತದೆ. ಠಾಣೆಯ ಪಟ್ಟಿಯಲ್ಲಿರುವ ಶಿವಣ್ಣ ಅರ್ಜಿ ಹಾಕಿದ ಶಿವಣ್ಣನೇ ಅಲ್ಲವೇ ಎಂದು ಬೇರ್ಪಡಿಸುವುದು ತಂದೆಯ ಹೆಸರು, ಹುಟ್ಟಿದ ದಿನಾಂಕ ಮತ್ತು ವಿಳಾಸ. ಈ ಮೂರೂ ಕಾಗದದಲ್ಲಿ ಸ್ಪಷ್ಟವಾಗಿದ್ದರೆ ಬೇರೊಬ್ಬನ ಪ್ರಕರಣ ತಮ್ಮ ಕೊರಳಿಗೆ ಬೀಳುವುದಿಲ್ಲ.

ಮಂಡ್ಯದಲ್ಲಿ ಇದಕ್ಕೊಂದು ವಿಶೇಷ ಮುಖವಿದೆ. ಕಾವೇರಿ ಚಳವಳಿಗಳಲ್ಲಿ ರಸ್ತೆಗೆ ಇಳಿದವರ ಮೇಲೆ ಪ್ರಕರಣಗಳು ದಾಖಲಾಗಿದ್ದುಂಟು. ನೀರಿಗಾಗಿ ಕೂತ ಧರಣಿಯನ್ನು ತಾವು ಅಪರಾಧವೆಂದು ಎಣಿಸದ ಕಾರಣ, ಎಷ್ಟೋ ಜನ ಅರ್ಜಿಯಲ್ಲಿ ‘ಪ್ರಕರಣ ಇಲ್ಲ’ ಎಂದು ಗುರುತು ಹಾಕಿಬಿಡುವ ಸಂಭವವಿದೆ. ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ನ್ಯಾಯಾಲಯದಲ್ಲಿ ನಡೆಯುತ್ತಿರುವ ಅಪರಾಧ ಪ್ರಕರಣವನ್ನು ನಿರಾಕರಣೆಗೆ ಕಾರಣವೆಂದು ಹೇಳುತ್ತದೆ. ಆದರೂ 1993ರ ಅಧಿಸೂಚನೆಯಂತೆ ಆ ನ್ಯಾಯಾಲಯದ ಅನುಮತಿ ಪಡೆದು ಪಾಸ್‌ಪೋರ್ಟ್ ಪಡೆಯಬಹುದು. ಬರಿಯ ಎಫ್‌ಐಆರ್ ಇದ್ದು, ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಂಡಿರದಿದ್ದರೆ ಅದು ನಡೆಯುತ್ತಿರುವ ಪ್ರಕರಣ ಎನ್ನಿಸಿಕೊಳ್ಳುವುದಿಲ್ಲ. ದಾರಿ ಇದೆ, ಮುಚ್ಚಿಟ್ಟರೆ ಆ ದಾರಿಯೂ ಮುಚ್ಚುತ್ತದೆ. ಸುಳ್ಳು ಮಾಹಿತಿ ಕೊಟ್ಟವರಿಗೆ 12ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಾಹಿತಿ ಅಡಗಿಸಿ ಪಡೆದ ಪಾಸ್‌ಪೋರ್ಟ್ ಅನ್ನು ವಶಪಡಿಸಿಕೊಳ್ಳುವ, ರದ್ದು ಮಾಡುವ ಅಧಿಕಾರ 10ನೇ ಕಲಮಿನಲ್ಲಿದೆ. ‘ಕಾಗದ ಇಲ್ಲದಿದ್ದರೂ ಮಾಡಿಸಿಕೊಡುತ್ತೇವೆ’ ಎನ್ನುವ ದಲ್ಲಾಳಿಗಳು ಹಾಕಿದ ಸುಳ್ಳಿಗೂ ಸಹಿ ಮಾಡಿದವರೇ ಹೊಣೆ. ಸರ್ಕಾರದ ತಾಣದಂತೆಯೇ ಕಾಣುವ ನಕಲಿ ಜಾಲತಾಣಗಳೂ ಇವೆ, ಹಣ ಕಟ್ಟುವ ಮೊದಲು ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ಎಂದು ನೋಡಿಕೊಳ್ಳಬೇಕು.

ಪೊಲೀಸ್ ವರದಿ ಸರಿಯಾಗಿ ಬಂದರೆ ಪುಸ್ತಕ ಅಚ್ಚಾಗಿ ಸ್ಪೀಡ್ ಪೋಸ್ಟ್‌ನಲ್ಲಿ ಹೊರಡುತ್ತದೆ. ಗುತ್ತಲಿನ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಅದನ್ನು ಅರ್ಜಿ ಹಾಕಿದವರ ಕೈಗೇ ಕೊಡಬೇಕು, ಗುರುತಿನ ಚೀಟಿ ತೋರಿಸಿ ಎಂದು ಅಲ್ಲಿಯೂ ಒಮ್ಮೆ ಕೇಳುತ್ತಾರೆ. ಮನೆ ಬೀಗ ಹಾಕಿದ್ದು ತಲುಪಿಸಲು ಆಗದಿದ್ದರೆ ಅದು ಕಳಿಸಿದ ಕಚೇರಿಗೇ ಮರಳುತ್ತದೆ. ಲಕೋಟೆ ಒಡೆದ ಕೂಡಲೇ ಮಾಡಬೇಕಾದ್ದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಹೆಸರಿನ ಪ್ರತಿ ಅಕ್ಷರ, ತಾರೀಖು, ಹುಟ್ಟಿದ ಊರು, ತಂದೆ ತಾಯಿಯ ಹೆಸರನ್ನು ಬೆರಳಿಟ್ಟು ಓದುವುದು. ಒಂದು ‘ಎಚ್’ ಹೆಚ್ಚು ಕಡಿಮೆ ಆಗಿದ್ದರೂ, ವೀಸಾಕ್ಕೆ ಹಾಕುವ ಮೊದಲೇ, ಕಡತ ಸಂಖ್ಯೆಯೊಂದಿಗೆ ಪಾಸ್‌ಪೋರ್ಟ್ ಕಚೇರಿಯ ಗಮನಕ್ಕೆ ತರಬೇಕು.